ಕೆಂಪಿಗೇರುವ ಮುಳ್ಳು

ನೊಣವಿನಕೆರೆ ದಾರಿಯಲ್ಲಿ ಮತ್ತೊಮ್ಮೆ ಕಾರು ನಿಲ್ಲಿಸಿದಾಗ ಜೀವಿತಾಳ ಸಿಟ್ಟೆಲ್ಲ ಇಂಜಿನ್ನಿನ ಮೇಲಿತ್ತು. ಎಣ್ಣೆಯ ಬಿಸಿ ತೋರಿಸುವ ಮೀಟರಿನ ಮುಳ್ಳು ಆಗಲೇ ಕೆಂಪು ಗೆರೆ ಮುಟ್ಟಿತ್ತು. ಸ್ವಲ್ಪ ಜೋರಾಗಿ ಓಡಿಸಿದರೆ ಸಾಕು, ಹೀಗೇ.

ಕೊಬ್ಬರಿ ಮಂಡಿಯವರೊಬ್ಬರ ಹಿತ್ತಲಲ್ಲಿ ತೆಂಗಿನ ಮಟ್ಟೆಯ ರಾಶಿ ಹೊದ್ದು ತುಕ್ಕು ಹಿಡಿದಿದ್ದ ಎರಡು ಸೀಟಿನ ಹಳೇ ಸ್ಪೋರ್ಟ್ಸ್ ಕಾರು ಅದು. ಅದರ ಸತ್ತ ಇಂಜಿನ್ ಕಿತ್ತು, ಅಪಘಾತವಾದ ಹೊಸ ಕಾರೊಂದರ ಇಂಜಿನ್ ಕೂರಿಸಲು ತಿಪಟೂರಿನ ತಮ್ಮ ಗ್ಯಾರೇಜಿನಲ್ಲಿ ಅಪ್ಪ ಮಗಳು ಇಡೀ ಬೇಸಿಗೆ ಬೆವರು ಸುರಿಸಿದ್ದರು. ಭಾನುವಾರ ತುಮಕೂರಿನ ಹತ್ತಿರ ಹಳೇ ಕಾರುಗಳ ರೇಸು, ಅದಕ್ಕೇ ಇಷ್ಟೆಲ್ಲ. ಎಣ್ಣೆ ಹೀಗೆ ಕಾದರೆ ಬೇರಿಂಗು ಹಿಡಿದುಕೊಂಡು ಇಂಜಿನ್ ಗುಜರಿಗೆ. ಬರುವುದಿಲ್ಲವೆಂದು ರೇಸಿನವರಿಗೆ ಹೇಳಿಬಿಡೋಣ ಎಂದು ಫೋನು ಕೈಗೆತ್ತಿಕೊಂಡಳು.

ಆಗ ವೈರು ಸೀದ ವಾಸನೆ ಮೂಗಿಗೆ ಬಡಿಯಿತು.

ಬಾನೆಟ್ ಎತ್ತಿ, ಬಿಸಿ ಅಳೆದು ಮೀಟರಿಗೆ ಹೇಳುವ ಸೆನ್ಸರಿನ ವೈರಿನ ಜಾಡು ಹಿಡಿದಳು. ಅದು ಇಂಜಿನ್ನಿನ ತಳಕ್ಕೆ, ಎಣ್ಣೆ ನಿಲ್ಲುವ ಸಂಪಿಗೆ ಹೋಗಬೇಕಿತ್ತು. ಅಲ್ಲೇ ಹಾಕಿದ್ದೇನೆಂದು ಅಪ್ಪ ಹೇಳಿದ್ದ. ವೈರು ಹೋಗಿದ್ದು ಸೈಲೆನ್ಸರ್ ಪೈಪಿನ ಬಗಲಿಗೆ. ಕೆಂಡದಂಥ ಪೈಪಿನಿಂದ ಬೆರಳಗಲ ದೂರದಲ್ಲಿ, ಎಣ್ಣೆ ಹರಿಯದ ಮೂಲೆಯೊಂದರಲ್ಲಿ ಸೆನ್ಸರ್ ಕೂತಿತ್ತು. ಮುಳ್ಳು ಇಷ್ಟು ದಿನ ಹೇಳಿದ್ದು ಎಣ್ಣೆಯ ಬಿಸಿಯನ್ನಲ್ಲ, ಪೈಪಿನ ಕಾವನ್ನು.

ಕೈತಪ್ಪಿ ಆದದ್ದೇ? "ಸೈಲೆನ್ಸರ್ ಹತ್ರ ಸೆನ್ಸರ್ ಇಕ್ಕೋನು ಮೆಕ್ಯಾನಿಕ್ಕಲ್ಲ ಕಣವ್ವ, ಮಡಕೆ ಸುಡೋನು" ಎಂದು ಅವಳಿಗೆ ಕಲಿಸಿದವನೇ ಅಪ್ಪ ರಾಜಣ್ಣ.

ಜೀವಿತಾ ಕಾರು ತಿರುಗಿಸಿ ಆಕ್ಸಿಲರೇಟರ್ ತುಳಿದಳು. ಮುಳ್ಳು ಕೆಂಪಿಗೇರಿತು. ಏರಲಿ.

ಗ್ಯಾರೇಜಿನಲ್ಲಿ ರಾಜಣ್ಣ ಕೈ ಒರೆಸಿಕೊಳ್ಳುತ್ತಿದ್ದ. ಹೆಂಡತಿ ಮಂಗಳಾ ಊಟದ ಡಬ್ಬಿ ಬಿಚ್ಚುತ್ತಿದ್ದಳು.

"ಅಪ್ಪ, ಸೆನ್ಸರ್ ಎಲ್ಲಿಕ್ಕಿದ್ದೀಯ?"

"ಸಂಪಲ್ಲಿ. ಯಾಕವ್ವ?"

"ಇನ್ನೊಂದ್ಸಲ ಹೇಳು, ನನ್ ಮಕ ನೋಡ್ಕಂಡು."

ರಾಜಣ್ಣ ನೋಡಲಿಲ್ಲ. ಕೈಯಲ್ಲಿದ್ದ ಬಟ್ಟೆ ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

"ಬಾಯ್ ಬುಡ್ರೀ" ಎಂದಳು ಮಂಗಳಾ. "ನಾನಾವತ್ತೇ ಹೇಳ್ದೆ, ಅವ್ಳು ನಿಮ್ಗಿಂತ ಕಳ್ಳಿ, ಕಂಡು ಹಿಡೀತಾಳೆ ಅಂತ."

"ಓ, ನಿಂಗೂ ಗೊತ್ತಿತ್ತೇನಮ್ಮ? ಊರಿಗೆಲ್ಲ ಗೊತ್ತು, ನಾನೊಬ್ಳೇ ಪೆದ್ದಿ!"

"ಕಂಡಕ್ಟ್ರು ಮರುಳಸಿದ್ದಯ್ಯ ಬಂದು ಹೇಳ್ದ" ರಾಜಣ್ಣ ಕೊನೆಗೂ ಬಾಯಿಬಿಟ್ಟ. "ಕೆರೆ ಏರಿ ತಿರುವಲ್ಲಿ ನಿಮ್ಮಗ್ಳು ನಮ್ ಬಸ್ಸನ್ನೇ ಹಿಂದಾಕುದ್ಲು ಅಂದ. ನಾನ್ ಹೇಳುದ್ರೆ ಕೇಳ್ತಿದ್ದಾ? ಮುಳ್ಳು ಹೇಳುದ್ರೆ ಕೇಳ್ತೀಯ."

"ತುಡುಗು ದನುಕ್ಕೆ ಕುತ್ಗೆಗೆ ಕೊರಡು ಕಟ್ದಂಗೆ! ಓಡುದ್ರೆ ಮಂಡಿಗೆ ಬಡೀಲಿ ಅಂತ."

"ಕೊರಡು ಕಟ್ಟಿದ್ ದನ ಬದುಕ್ತದೆ ಕಣವ್ವ."

"ಆ ದನುಕ್ಕೆ ಕೊರಡು ಕಾಣ್ತದಪ್ಪ! ನೀನು ನಂಗೆ ಕಾಣ್ದಂಗೆ ಕಟ್ಟಿದ್ದೀಯ." ಅವಳು ಕಾರಿನ ಕಡೆ ಕೈ ತೋರಿಸಿದಳು. "ನಾಳೆ ನಿಜವಾಗ್ಲೂ ಎಣ್ಣೆ ಕಾದು ಮುಳ್ಳು ಕೆಂಪಿಗೋದ್ರೆ, ನಮ್ಮಪ್ಪನ್ ಆಟ ಅಂತ ತುಳೀತಾನೇ ಇರ್ತೀನಿ. ಆಗ?"

ರಾಜಣ್ಣನ ಕೈಯ ಬಟ್ಟೆ ನಿಂತಿತು. ಅಷ್ಟು ದೂರ ಅವನು ಯೋಚಿಸಿರಲಿಲ್ಲ.

ಜೀವಿತಾ ಕಾರಿನಡಿ ತೂರಿ ಎಣ್ಣೆ ಇಳಿಸಿದಳು. ಸಂಪಿನ ತಳದ ಬೋಲ್ಟ್ ತೆಗೆದು, ಸೆನ್ಸರ್ ಕೂರುವಂತೆ ತೂತು ಕೊರೆದ ಬೋಲ್ಟ್ ಹಾಕಿ, ಪೈಪಿನ ಬಗಲಿನಿಂದ ಕಿತ್ತ ಸೆನ್ಸರನ್ನು ಅದರಲ್ಲಿ ಕೂರಿಸಿದಳು. ರಾಜಣ್ಣ ಬಗ್ಗಿ ಸ್ಪ್ಯಾನರ್ ಚಾಚಿದ. ಅವಳು ಮುಟ್ಟಲಿಲ್ಲ, ಹೊರಗೆ ಬಂದು ತಾನೇ ಬೇರೊಂದು ಹುಡುಕಿಕೊಂಡಳು. ವೈರು ಬದಲಿಸಿ, ಹೊಸ ಎಣ್ಣೆ ಸುರಿದು, ಪಕ್ಕದ ಬಾಗಿಲು ತೆರೆದಳು.

"ಹತ್ತಪ್ಪ."

ಹೊನ್ನವಳ್ಳಿ ರಸ್ತೆ. ಎರಡೂ ಕಡೆ ತೆಂಗಿನ ತೋಟಗಳು ಹಿಂದಕ್ಕೆ ಓಡಿದವು. ಮುಳ್ಳು ನಡುವೆ ನಿಂತು ಅಲುಗಲಿಲ್ಲ. ಅವಳು ಇನ್ನೂ ತುಳಿದಳು. ರಾಜಣ್ಣನ ಬಲಗಾಲು ತನಗಿಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. ಉದ್ದದ ಏರಿನಲ್ಲಿ ಮುಳ್ಳು ಈ ಸಲ ನಿಧಾನವಾಗಿ, ನಿಜವಾಗಿ, ಕೆಂಪಿನ ಕಡೆ ತೆವಳಿತು. ಅವನು ಬಾಯಿ ತೆರೆದ. ತೆರೆದದ್ದನ್ನು ಮುಚ್ಚಿಕೊಂಡ.

ಜೀವಿತಾ ಕಾಲೆತ್ತಿದಳು. ಕಾರಿನ ವೇಗ ತಗ್ಗಿತು. ಸ್ವಲ್ಪ ಹೊತ್ತಿಗೆ ಮುಳ್ಳೂ ಇಳಿಯಿತು.

"ನೋಡ್ದಾ?"

"ಹ್ಞೂಂ." ಅವನೆಂದ, "ಭಾನುವಾರ ನಾನೂ ಬತ್ತೀನಿ."

"ಬಾ. ದೂರ ಕುಂತ್ಕಂಡು ನೋಡು. ಕಾರಿಗೆ ಕೈ ಇಕ್ಕುದ್ರೆ ಮಾತ್ರ ನಾನು ಸುಮ್ಕಿರಾಕಿಲ್ಲ."