ಹಪ್ಪಳದ ಮನೆಯ ಬೆಂಕಿ ಮುದುಕಿ

ಹತ್ತಾರು ಲಟ್ಟಣಿಗೆಗಳು ಮಣೆಗಳ ಮೇಲೆ ಒಟ್ಟಿಗೆ ಉರುಳುತ್ತಿದ್ದವು. ಆ ಸದ್ದನ್ನು ಮೀರಿ ನನ್ನ ಅಕ್ಕ ಸುಮಿತ್ರೆಯ ದನಿ ಕೇಳುತ್ತಿತ್ತು. ನಮ್ಮೂರಿನ ಹಪ್ಪಳದ ಮನೆಯಲ್ಲಿ ಒಬ್ಬಳು ಓದಬೇಕು, ಉಳಿದವರು ಲಟ್ಟಿಸಬೇಕು. ಓದುವವಳ ಪಾಲಿನ ಹಪ್ಪಳವನ್ನು ಎಲ್ಲರೂ ಹಂಚಿಕೊಂಡು ಲಟ್ಟಿಸಿ ಮುಗಿಸಬೇಕು. ಆ ವರ್ಷ ಅಕ್ಕ ಓದುತ್ತಿದ್ದುದು ನಾನು ಅನುವಾದಿಸಿದ ಪುಸ್ತಕ, ದೂರದ ಹಿಮದ ದೇಶದ ಅದ್ಭುತ ಕತೆ. ಅದರಲ್ಲಿ ರೆಕ್ಕೆಯುಳ್ಳ, ಬೆಂಕಿಯುಗುಳುವ ಮುದಿ ಹೆಣ್ಣು ಸರ್ಪವೊಂದು ತನ್ನ ಕೊನೆಯ ಮೊಟ್ಟೆಯನ್ನು ಕಾಯುತ್ತ ಗವಿಯಲ್ಲಿರುತ್ತದೆ. ನಾನು ಅದಕ್ಕೆ ಒಂದು ಘನವಾದ ಹೆಸರಿಟ್ಟಿದ್ದೆ. ಈ ಹೆಂಗಸರು ಮೊದಲ ದಿನವೇ ಅದನ್ನು ಕಿತ್ತೆಸೆದು ‘ಬೆಂಕಿ ಮುದುಕಿ’ ಎಂದರು. ಅನ್ನಲಿ ಬಿಡಿ, ನನಗೇನೂ ಬೇಸರವಿರಲಿಲ್ಲ.

ಬೇಸರವಿದ್ದುದು ಪ್ರಕಾಶಕ ವಾಮನರಾಯರ ಮೇಲೆ. ಮೊದಲ ಭಾಗ ಅಂಗಡಿಗಳಲ್ಲಿ ಧೂಳು ಹಿಡಿದು ಕೂತಿದೆ, ಎರಡನೆಯದನ್ನು ಅಚ್ಚು ಹಾಕಲಾರೆ ಎಂದು ಹೇಳಲು ಅವರೇ ಊರಿಗೆ ಬಂದಿದ್ದರು. ನಮ್ಮ ಮಣ್ಣಿನಲ್ಲಿ ಹುಟ್ಟದ ಪ್ರಾಣಿಗಾಗಿ ನಮ್ಮ ಜನ ಕಣ್ಣೀರು ಹಾಕುವುದಿಲ್ಲ ಎಂಬುದು ಅವರ ತೀರ್ಮಾನ. ನನಗೆ ಮೈಯೆಲ್ಲ ಉರಿದುಹೋಯಿತು. ವರ್ಷಗಟ್ಟಲೆ ಕೂತು ಬರೆದದ್ದು ಪೆಟ್ಟಿಗೆಯಲ್ಲಿ ಕೊಳೆಯಬೇಕೇ? ಒಮ್ಮೆ ಹಪ್ಪಳದ ಮನೆಗೆ ಬನ್ನಿ, ಓದುವುದನ್ನು ಕೇಳಿ, ಆಮೇಲೆ ಬೇಕಾದರೆ ಬೇಡವೆನ್ನಿ ಎಂದು ಹಟ ಹಿಡಿದು ಕರೆದೊಯ್ದೆ.

ಬಾಗಿಲಿಗೆ ಬಂದರೆ ಲಟ್ಟಣಿಗೆಗಳ ಸದ್ದೇ ಇಲ್ಲ. ಹೆಂಗಸರೆಲ್ಲ ಗೋಡೆಗೊರಗಿ ಸುಮ್ಮನೆ ಕುಳಿತಿದ್ದರು. ಕೆಲಸದವರ ಪೈಕಿ ಯಾರ ಮನೆಯಲ್ಲಾದರೂ ಸಾವಾದರೆ ಮಾತ್ರ ಅಲ್ಲಿ ಹಿಟ್ಟು ಕಲಸುತ್ತಿರಲಿಲ್ಲ. ವಾಮನರಾಯರಿಗೂ ಇದು ಸಾವಿನ ಮೌನವೆಂದು ಹೊಳೆಯಿತು. ಚಪ್ಪಲಿ ಕಳಚಿಟ್ಟು, ಎಲ್ಲರಿಗಿಂತ ಹಿರಿಯಳಾದ ಗುರುಸಿದ್ದವ್ವನ ಮುಂದೆ ಕೈಮುಗಿದು ನಿಂತರು.

“ಯಾರು ತೀರಿಕೊಂಡ್ರವ್ವಾ?”

“ನಮ್ಮ ಮುದುಕಿ ಹೋದಳ್ರೀ,” ಎಂದಳು ಗುರುಸಿದ್ದವ್ವ, ಸೆರಗಿನಿಂದ ಕಣ್ಣೊರೆಸಿಕೊಂಡು. “ಊರಾಗಿನ ಒಲಿ ಆರಬಾರದಂತ ತನ್ನ ಮೈಯಾಗಿನ ಬೆಂಕಿ ಎಲ್ಲಾ ಕೊಟ್ಟು ಸತ್ತಳು.”

ರಾಯರು ಏನೂ ತಿಳಿಯದೆ ಸಮಾಧಾನ ಹೇಳತೊಡಗಿದರು. ನನಗೆ ತಿಳಿಯಿತು. ಅಕ್ಕ ಹಿಂದಿನ ಸಂಜೆ ಮೊದಲ ಭಾಗದ ಕೊನೆಯ ಅಧ್ಯಾಯ ಓದಿ ಮುಗಿಸಿಬಿಟ್ಟಿದ್ದಳು. ಇವರು ಅಳುತ್ತಿರುವುದು ಪುಸ್ತಕದ ಮುದುಕಿಗಾಗಿ ಎಂದು ರಾಯರಿಗೆ ಮೆಲ್ಲನೆ ಹೇಳಿದೆ. ಸಭೆ ಕೂಡಿಸಿ ಶಾಲು ಹೊದಿಸಿದ್ದರೂ ನಾನು ಅಷ್ಟು ಬೀಗುತ್ತಿರಲಿಲ್ಲ.

ರಾಯರು ನಗಲಿಲ್ಲ. ಮುಗಿದ ಕೈ ಹಾಗೆಯೇ ಇತ್ತು.

“ಆ ತತ್ತಿ ಈಗ ಯಾರ ಕಡೆ ಐತ್ರೀ?” ಎಂದು ಗುರುಸಿದ್ದವ್ವ ಅವರನ್ನೇ ಕೇಳಿದಳು. “ತಾಯಿ ಇಲ್ಲದ್ದು. ಯಾರರ ನೋಡ್ಕೋತಾರೇನು?”

ಅವರು ನನ್ನತ್ತ ತಿರುಗಿದರು. ಅದೆಲ್ಲ ಎರಡನೆಯ ಭಾಗದಲ್ಲಿದೆ ಎಂದೆ.

“ಅಚ್ಚು ಹಾಕಿಸಿ ನಾನೇ ತಂದುಕೊಡ್ತೀನವ್ವಾ,” ಎಂದರು ರಾಯರು.

ಹೆಂಗಸರು ಸರಿದು ಚಾಪೆಯ ಮೇಲೆ ಜಾಗ ಮಾಡಿದರು. ರಾಯರು ಕುಳಿತು, ಸಾವಿನ ಮನೆಗೆ ಹೋದವರು ಕೇಳುವಂತೆಯೇ, ಆಕೆ ಹೇಗಿದ್ದಳು ಎಂದು ಕೇಳಿದರು. ಎಲ್ಲರೂ ಒಮ್ಮೆಲೇ ಹೇಳತೊಡಗಿದರು. ನಾನೂ ಬಾಯಿ ಹಾಕಹೋದೆ. ಗುರುಸಿದ್ದವ್ವ ನನ್ನ ಮೊಣಕಾಲ ಮೇಲೆ ಕೈಯಿಟ್ಟು, “ನೀ ಸುಮ್ನಿರವ್ವಾ, ಆಕಿ ಬಗ್ಗೆ ನಾವು ಹೇಳ್ತೀವಿ,” ಎಂದಳು.