ನಂದಾ ಗೆದ್ದ ಪಂದ್ಯ

ಸಂಶಿ ಊರಿನ ಹೊಲದ ಹೊಂಡದಲ್ಲಿ ನಂದಾಳಿಗೆ ಈಜು ಕಲಿಸಿದವಳು ಗೆಳತಿ ಗೌರಿ. ಹುಟ್ಟಿದಾಗ ಮನೆಯವರು ಅವಳಿಗೆ ಗೌರೀಶ ಎಂದು ಹೆಸರಿಟ್ಟಿದ್ದರು; ಈಗ ಹುಡುಗಿಯಾಗಿಯೇ ಬಾಳುತ್ತಿದ್ದಳು. ಬೇಸಿಗೆ ರಜೆಯ ಈಜು ಪಂದ್ಯದ ದಿನ ಗೌರಿ ಹುಡುಗಿಯರ ಸಾಲಿನಲ್ಲಿ ನಿಂತಾಗ ಕೆಲವು ತಾಯಂದಿರು ತಕರಾರು ತೆಗೆದರು.

"ನಮ್ಮ ಹುಡುಗ್ಯಾರಿಗೆ ಅನ್ಯಾಯ ಆಗ್ತದ್ರಿ."

ಪಂದ್ಯ ನಡೆಸುವವರು ಗೌರಿಯನ್ನು ಕರೆದು, "ಹುಡುಗ್ರ ಜೋಡಿ ಈಜಪಾ, ಇಲ್ಲಾಂದ್ರ ಮನಿಗಿ ನಡಿ," ಎಂದರು.

"ಅವರ ಜೋಡಿ ನಾ ಹೆಂಗ ನೀರಿಗಿಳೀಲಿ, ನಂದಾ?" ಎಂದಳು ಗೌರಿ.

ನಂದಾ ಕೇಳದವಳಂತೆ ತನ್ನ ಸಾಲಿಗೆ ಹೋಗಿ ನಿಂತಳು. ಗೌರಿ ಇದ್ದರೆ ತಾನು ಗೆಲ್ಲುವುದಿಲ್ಲವೆಂದು ಅವಳಿಗೆ ಗೊತ್ತಿತ್ತು; ಒಳಗೊಳಗೇ ಮನಸ್ಸು ಹಗುರವೂ ಆಗಿತ್ತು.

ನಂದಾ ಗೆದ್ದಳು. ಸಂಜೆ ಪದಕ ಹಿಡಿದು ಗೆಳತಿಯ ಮನೆಗೆ ಹೋದಾಗ, ಗೌರಿಯ ತಾಯಿ ರೇವವ್ವ ಬಾಗಿಲಲ್ಲೇ ತಡೆದಳು.

"ತೆಲಿಗೂದಲಾ ತಾನ ಕತ್ತರಿಸ್ಕೊಂಡು ಮಲ್ಕೊಂಡಾಳವಾ. ಈಗ ಎಬ್ಬಿಸಬ್ಯಾಡ."

ನಂದಾ ಕಟ್ಟೆಯ ಮೇಲೆ ಕುಳಿತು ಅತ್ತಳು. ಒಳಗಿನಿಂದ ಯಾರೂ ಕರೆಯಲಿಲ್ಲ.