ಟೋಪಿ ಅಂಗಡಿಯವರೆಗೆ ಮಾತ್ರ

ಪೇಟೆ ಬೀದಿಗೆ ಕಾರು ತೆಗೆದುಕೊಂಡು ಹೋಗುವುದೇನೋ ಸುಲಭ. ಅದನ್ನು ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಸಾಕುಸಾಕಾಗಿ ಹೋಗುತ್ತದೆ. ಈ ಸಂಕಟ ಡ್ರೈವರಣ್ಣನಿಗೆ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿರಲಿಕ್ಕಿಲ್ಲ. ಇದೇ ಬೀದಿಯಲ್ಲಿ ವಯಸ್ಸೆಲ್ಲ ಬಸ್ಸು ಓಡಿಸಿದವನು ಅವನು. ಆಗೆಲ್ಲ ಒಂದು ಹಾರ್ನ್ ಹೊಡೆದರೆ ಸೈಕಲ್ಲು, ಕೈಗಾಡಿ ಎಲ್ಲವೂ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದವು. ಈಗ ಅದೇ ಮನುಷ್ಯ ನಿವೃತ್ತನಾಗಿ, ಪುಟ್ಟ ಕಾರೊಂದನ್ನು ಹಿಡಿದುಕೊಂಡು ಗಾಣದೆತ್ತಿನ ಹಾಗೆ ಸುತ್ತುತ್ತಿದ್ದ.

ಅವನ ಹೆಂಡತಿಯನ್ನು ಎಲ್ಲರೂ ಕರೆಯುತ್ತಿದ್ದುದು ಟೈಲರಮ್ಮ ಎಂದೇ. ಆ ಬೀದಿಯ ಬಟ್ಟೆ ಅಂಗಡಿಯ ಮಹಡಿಯಲ್ಲಿ ಹೊಲಿಗೆ ಹಾಲ್ ಇತ್ತು. ಅವಳು ಹುಡುಗಿಯಾಗಿದ್ದಾಗಿನಿಂದ ಅಲ್ಲೇ ಹೊಲಿದವಳು. ಮಹಡಿಯ ಕಿಟಕಿಯ ಕೆಳಗೆ ಬಂದಾಗ ಡ್ರೈವರಣ್ಣನ ಬಸ್ಸು ಸುಮ್ಮಸುಮ್ಮನೆ ನಿಧಾನವಾಗುತ್ತಿತ್ತು. ಮೇಲಿನಿಂದ ಮಿಷನ್ನುಗಳ ಟಕಟಕ ಸದ್ದು, ಹುಡುಗಿಯರ ನಗು. ಮದುವೆಗೆ ಮುಂಚಿನ ಮಾತು ಅದು.

ಹಾಲ್ ಮುಚ್ಚಿ ಎಷ್ಟೋ ಕಾಲವಾಗಿತ್ತು. ಆದರೆ ಜೊತೆಯಲ್ಲಿ ಹೊಲಿದ ಗೆಳತಿಯರು ಪ್ರತಿ ಶನಿವಾರ ಬೀದಿಯ ಕೊನೆಯ ಚಹಾದಂಗಡಿಯಲ್ಲಿ ಸೇರುತ್ತಿದ್ದರು. ಕಾರು ನಿಲ್ಲಿಸುವ ಮೈದಾನ ಬೀದಿಯ ಈ ತುದಿಯಲ್ಲಿ, ಚಹಾದಂಗಡಿ ಆ ತುದಿಯಲ್ಲಿ. ನಡುವಿನ ನಡಿಗೆ ಎಂದರೆ ಡ್ರೈವರಣ್ಣನಿಗೆ ಪಂಚಪ್ರಾಣ. ಟೈಲರಮ್ಮ ಅಲ್ಲಲ್ಲಿ ನಿಂತು ಹಳೆಯದನ್ನು ನೆನೆಯುತ್ತಿದ್ದಳು.

"ರೀ, ಇಲ್ಲಿ ಟೋಪಿ ಅಂಗಡಿ ಇತ್ತಲ್ವಾ? ನೀವು ಇದ್ದಬದ್ದ ಟೋಪಿನೆಲ್ಲ ತಲೆ ಮೇಲಿಟ್ಟು ನೋಡಿ, ಯಾವುದೂ ಸರಿ ಇಲ್ಲ ಅಂತ ಮೂತಿ ಸಿಂಡರಿಸಿಕೊಂಡು ಬಂದ್ರಿ!"

"ನನ್ನ ತಲೆಗೆ ತಕ್ಕ ಟೋಪಿ ಅವನ ಹತ್ರ ಇರಲಿಲ್ಲ ಕಣೇ."

ಇನ್ನೊಂದಿಷ್ಟು ಮುಂದೆ, ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಕೂರುತ್ತಿದ್ದ ಗಡಿಯಾರದ ತಾತನ ನೆನಪು. ಅದರಾಚೆ ಫೋಟೋ ಸ್ಟುಡಿಯೋ. ಅವರ ಮದುವೆಯ ಫೋಟೋದಲ್ಲಿ ಡ್ರೈವರಣ್ಣ ಕಣ್ಣು ಮುಚ್ಚಿಕೊಂಡಿದ್ದು ಅಲ್ಲೇ. ಹೀಗೆ ನಿಂತು, ನಕ್ಕು, ಮತ್ತೆ ನಡೆಯುವುದು.

ಒಂದು ಶನಿವಾರ ಮೈದಾನ ತುಂಬಿಹೋಗಿತ್ತು. ಕಾರನ್ನು ಇನ್ನೂ ಹಿಂದೆ, ಏರಿನ ಮೇಲೆ ನೀರಿನ ಟ್ಯಾಂಕಿನ ಬಳಿ ನಿಲ್ಲಿಸಬೇಕಾಯಿತು. ಹೊತ್ತಾಯಿತು ಎಂದು ಡ್ರೈವರಣ್ಣ ಬಿರಬಿರನೆ ನಡೆದ. ಅವಳು ಅಂದು ಯಾವ ಕಥೆಯನ್ನೂ ಹೇಳಲಿಲ್ಲ. ಹಿಂತಿರುಗಿ ನೋಡಿದರೆ ಸ್ಟುಡಿಯೋದ ಮೆಟ್ಟಿಲ ಮೇಲೆ ಕುಸಿದು ಕುಳಿತಿದ್ದಳು. ತುಟಿ ಬಿಳಿಚಿಕೊಂಡಿತ್ತು. ಚೀಲದಲ್ಲಿದ್ದ ಉಸಿರಾಟದ ಪಂಪನ್ನು ಅವನೇ ತೆಗೆದು ಕೊಟ್ಟ. ಶ್ವಾಸಕೋಶದ ಕಾಯಿಲೆ ಇರುವುದು ಅವನಿಗೆ ಗೊತ್ತಿತ್ತು. ಮದ್ದು ತೆಗೆದುಕೊಳ್ಳುತ್ತಿದ್ದಾಳಲ್ಲ, ಸರಿಹೋಗಿದೆ ಎಂದುಕೊಂಡಿದ್ದ.

ಚಹಾದಂಗಡಿ ಕಣ್ಣಿಗೆ ಕಾಣುತ್ತಿತ್ತು. ಅಲ್ಲಿಗೆ ಹೋಗಲಾಗದೆ ಇಬ್ಬರೂ ಆಟೋ ಹಿಡಿದು ಕಾರಿನ ಬಳಿ ಹೋಗಿ ಮನೆಗೆ ಮರಳಿದರು.

ಮುಂದಿನ ಶನಿವಾರ ಟೈಲರಮ್ಮ ಹೊರಡಲೇ ಇಲ್ಲ. "ಸಾಕು ಬಿಡ್ರೀ. ಆ ಬೀದಿ ಋಣ ತೀರ್ತು" ಎಂದು ಒಗೆದ ಬಟ್ಟೆ ಮಡಿಸುತ್ತ ಕುಳಿತಳು. ಅದಾಗಲೇ ಮಡಿಸಿಟ್ಟಿದ್ದ ಬಟ್ಟೆ.

ಆ ವಾರ ಮನೆಗೆ ಬಂದವನು ರೈಟಣ್ಣ. ಡ್ರೈವರಣ್ಣನ ಬಸ್ಸಿನಲ್ಲೇ ಕಂಡಕ್ಟರ್ ಆಗಿದ್ದವನು. ಜೀವನವಿಡೀ "ರೈಟ್, ರೈಟ್" ಎಂದು ಕೂಗಿ ಕೂಗಿ ಹೆಸರೇ ಹಾಗಾಗಿತ್ತು. ವಿಷಯ ಕೇಳಿದವನೇ ಜೇಬಿನಿಂದ ಒಂದು ನೀಲಿ ಕಾರ್ಡು ತೆಗೆದು ಮೇಜಿನ ಮೇಲಿಟ್ಟ.

"ಚಹಾದಂಗಡಿ ಪಕ್ಕದಲ್ಲೇ ನೀಲಿ ಗೆರೆ ಎಳೆದ ಜಾಗ ಇದೆಯಲ್ಲ ಗುರೂ, ಅಲ್ಲಿ ನಿಲ್ಸೋಕೆ ಪರವಾನಗಿ ಇದು."

"ಅದು ಅಂಗವಿಕಲರ ಜಾಗ ಕಣೋ! ನಿನಗೇನಾಗಿದೆ? ಕಲ್ಲುಗುಂಡಿನ ಹಾಗಿದ್ದೀಯ."

"ಗುಂಡು ಹೊರಗಿಂದ. ಒಳಗೆ ಹೃದಯ ಅರ್ಧ ಕೆಲಸ ಮಾತ್ರ ಮಾಡುತ್ತೆ. ಬಿಚ್ಚಿ ತೋರಿಸ್ಲಾ?"

ಟೈಲರಮ್ಮ ನಕ್ಕಳು. ಡ್ರೈವರಣ್ಣ ನಗಲಿಲ್ಲ.

"ನಿನಗೆ ಕಾರೇ ಇಲ್ವಲ್ಲೋ?"

"ಇದನ್ನ ಕೊಡೋದು ಮನುಷ್ಯನಿಗೆ, ಕಾರಿಗಲ್ಲ. ಮಗಳ ಕಾರಲ್ಲಿ ಕೂತಾಗ ಅದರಲ್ಲಿಡ್ತೀನಿ, ಅಳಿಯನ ವ್ಯಾನಲ್ಲಿ ಕೂತಾಗ ಅದರಲ್ಲಿ."

"ನೋಡು, ಇವಳು ನಡೀತಾಳೆ. ಗಾಲಿಕುರ್ಚಿಯವರ ಜಾಗ ಕಿತ್ಕೊಳ್ಳೋಕೆ ನನಗೆ ಮನಸ್ಸಿಲ್ಲ. ನೋಡಿದವರು ಏನಂದಾರು? ಆ ಕಚೇರಿಗಳಿಗೆ ಅಲೆದು ಚಪ್ಪಲಿ ಸವೆಸೋದು ಬೇರೆ."

"ಅಲೆಯೋದೇನಿಲ್ಲ. ಅರ್ಜಿ, ಅತ್ತಿಗೆದೊಂದು ಫೋಟೋ, ಗುರುತಿನ ಚೀಟಿ, ಡಾಕ್ಟರ ಬರಹ. ಕೊಡೋದು ಬಿಡೋದು ಅವರು ತೀರ್ಮಾನ ಮಾಡ್ತಾರೆ. ಕೇಳೋದಕ್ಕೇ ಮುಂಚೆ ನೀನ್ಯಾಕೆ ಇಲ್ಲ ಅಂತೀಯ?"

ಕೊನೆಗೆ ಟೈಲರಮ್ಮನೇ ಮಾತಾಡಿದಳು. "ನಡೀಬೇಕಾದವಳು ನಾನು, ಅರ್ಜಿ ಹಾಕೋಳೂ ನಾನೇ. ನೀವು ಡಾಕ್ಟರ ಹತ್ರ ಕರ್ಕೊಂಡು ಹೋಗಿ, ಸಾಕು."

ಡಾಕ್ಟರು ಅರ್ಜಿಯನ್ನು ಮುಂದಿಟ್ಟುಕೊಂಡು ಕೇಳಿದರು: "ಎಲ್ಲೂ ನಿಲ್ಲದೆ ಎಷ್ಟು ದೂರ ನಡೀತೀರಮ್ಮ?"

ಡ್ರೈವರಣ್ಣ ಬಾಯಿ ಹಾಕಿದ. "ಪೇಟೆ ಬೀದಿ ಪೂರ್ತಿ ನಡೀತಾಳೆ ಡಾಕ್ಟ್ರೇ. ಹಳೇ ಕಥೆ ಹೇಳ್ಕೊಂಡು ಆರಾಮಾಗಿ ನಡೀತಾಳೆ. ಮೊನ್ನೆ ಒಂದಿನ ಸುಸ್ತಾಯ್ತು, ಅಷ್ಟೇ."

ಟೈಲರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಟೋಪಿ ಅಂಗಡಿವರೆಗೆ ಮಾತ್ರ" ಎಂದಳು.

"ಆಮೇಲೆ?"

"ನಿಲ್ತೀನಿ. ಆಮೇಲೆ ಗಡಿಯಾರದ ಅಂಗಡಿ. ಆಮೇಲೆ ಸ್ಟುಡಿಯೋ. ಸುಮ್ನೆ ನಿಂತ್ರೆ ಇವರು ಗಾಬರಿ ಬೀಳ್ತಾರೆ. ಅದಕ್ಕೇ ಏನಾದ್ರೂ ನೆನಪು ಮಾಡ್ತೀನಿ. ಇವರು ಮಾತಾಡ್ತಾ ಇದ್ರೆ ನನಗೆ ಉಸಿರು ಎಳ್ಕೊಳ್ಳೋಕೆ ಹೊತ್ತು ಸಿಗುತ್ತೆ."

ಡ್ರೈವರಣ್ಣನಿಗೆ ಈಗ ಅರ್ಥವಾಯಿತು. ಅಂಗಡಿ ಅಂಗಡಿಯ ಮುಂದೆ ಅವನು ನಗುತ್ತ ನಿಂತಿದ್ದಾಗೆಲ್ಲ ಅವಳು ಉಸಿರಿಗಾಗಿ ಒದ್ದಾಡುತ್ತಿದ್ದಳು.

"ಒಳ್ಳೇ ದಿನದ ಲೆಕ್ಕ ನನಗೆ ಬೇಡ" ಎಂದರು ಡಾಕ್ಟರು. "ಕೆಟ್ಟ ದಿನ ಹೇಗಿರುತ್ತೆ ಅಂತ ಹೇಳಿ. ಮುಜುಗರ ಪಟ್ಟು ಮುಚ್ಚಿಟ್ರೆ ನಾನು ಬರೆಯೋದೂ ತಪ್ಪಾಗುತ್ತೆ." ಅವಳು ಹೇಳಿದಳು. ಅವನು ನೆಲ ನೋಡುತ್ತ ಕೇಳಿಸಿಕೊಂಡ.

ಹೊರಗೆ ಬಂದು ಕಾರು ಹತ್ತಿದ ಮೇಲೂ ಅವನು ಕೀಲಿ ತಿರುಗಿಸಲಿಲ್ಲ.

"ಹಾಗಾದ್ರೆ ಆ ಮಾತೆಲ್ಲ ನೆಪಾನಾ?"

"ನಿಂತಿದ್ದು ನೆಪ. ನೆನಪು ನಿಜಾನೇ ಕಣ್ರೀ" ಎಂದು ಅವಳು ಅವನ ಕೈ ಮೇಲೆ ಕೈಯಿಟ್ಟಳು.

ಅರ್ಜಿ ಒಂದು ಸಲ ವಾಪಸು ಬಂತು. ಫೋಟೋ ಹಳೆಯದಾಯಿತಂತೆ. ಡ್ರೈವರಣ್ಣ ಗೊಣಗಲಿಲ್ಲ. ತಾನೇ ಅವಳನ್ನು ಕೂರಿಸಿಕೊಂಡು ಹೋಗಿ ಹೊಸ ಫೋಟೋ ತೆಗೆಸಿದ. ಕೆಲವು ವಾರಗಳ ಮೇಲೆ ಅಂಚೆಯಲ್ಲಿ ಕಾರ್ಡು ಬಂತು.

ಆ ಶನಿವಾರ ಕಾರು ಚಹಾದಂಗಡಿ ಪಕ್ಕದ ನೀಲಿ ಗೆರೆಯೊಳಗೆ ನಿಂತಿತು. ಕಾರ್ಡನ್ನು ಮುಂದಿನ ಗಾಜಿನೊಳಗೆ, ಹೊರಗೆ ಕಾಣುವ ಹಾಗೆ ಇಟ್ಟರು. ಇಬ್ಬರೂ ಇಳಿಯುತ್ತಿದ್ದಂತೆ, ಕೈಚೀಲ ಹಿಡಿದ ಹೆಂಗಸೊಬ್ಬಳು ತಡೆದಳು.

"ಯಜಮಾನ್ರೇ, ಇದು ಅಂಗವಿಕಲರ ಜಾಗ."

ಡ್ರೈವರಣ್ಣನ ಮುಖ ಕೆಂಪಾಯಿತು. ಟೈಲರಮ್ಮ ಶಾಂತವಾಗಿ ಕಾರ್ಡಿನ ಕಡೆ ಬೆರಳು ತೋರಿಸಿದಳು. "ನನ್ನದೇ ಕಣಮ್ಮ. ಶ್ವಾಸಕೋಶದ್ದು, ಹೊರಗೆ ಕಾಣಲ್ಲ."

"ಅಯ್ಯೋ, ತಪ್ಪಾಯ್ತಮ್ಮ. ಗೊತ್ತಾಗ್ಲಿಲ್ಲ."

"ಕೇಳಿದ್ದು ಒಳ್ಳೇದೇ ಆಯ್ತು. ಯಾರೂ ಕೇಳದೆ ಹೋದ್ರೆ ಈ ಜಾಗ ನಮ್ಮಂಥವರಿಗೆ ಉಳಿಯೋದಾದ್ರೂ ಹೇಗೆ?"

ಒಳಗಿನಿಂದ ಗೆಳತಿಯರು "ಬಂದ್ಲು, ಬಂದ್ಲು!" ಎಂದು ಕುರ್ಚಿ ಎಳೆದರು. ಅಂದು ಟೈಲರಮ್ಮನ ಎದೆಯಲ್ಲಿ ಮಾತಾಡಲು, ನಗಲು, ಜಗಳವಾಡಲು ಬೇಕಾದಷ್ಟು ಉಸಿರಿತ್ತು. ಹೊಲಿಗೆ ಹಾಲಿನ ಯಾವುದೋ ಕಾಲದ ಕತ್ತರಿ ಕಳ್ಳಿ ಯಾರೆಂಬುದರ ಮೇಲೆ ವಾದ ಎಷ್ಟು ಏರಿತೆಂದರೆ ಚಹಾ ಆರಿ ತಣ್ಣಗಾಯಿತು.

ಮತ್ತೊಂದು ದಿನ ಟೈಲರಮ್ಮನನ್ನು ಮನೆಯಲ್ಲಿ ಬಿಟ್ಟು ಡ್ರೈವರಣ್ಣ ಒಬ್ಬನೇ ಬ್ರೆಡ್ಡು ತರಲು ಪೇಟೆಗೆ ಹೋದ. ನೀಲಿ ಜಾಗ ಖಾಲಿಯಿತ್ತು, ಕಾರ್ಡೂ ಕಾರಿನಲ್ಲೇ ಇತ್ತು. ಆದರೆ ಪಕ್ಕದ ಸೀಟಿನಲ್ಲಿ ಅವಳಿರಲಿಲ್ಲ. ಅವನು ಅದನ್ನು ದಾಟಿ ಹೋಗಿ ಮೈದಾನದಲ್ಲೇ ಕಾರು ನಿಲ್ಲಿಸಿ ನಡೆದು ಬಂದ. ಈ ಬೀದಿ ಇಷ್ಟು ಉದ್ದವಿದೆ ಎಂದು ಅವನಿಗೆ ಅಂದೇ ಗೊತ್ತಾಗಿದ್ದು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಯಾರಾದರೂ ಪ್ರೀತಿಯ ಜಾಗಗಳಿಗೆ ಹೋಗುವುದನ್ನು ಒಂದೊಂದಾಗಿ ಬಿಡುತ್ತಿದ್ದಾರೆಯೇ? ಮನಸ್ಸಿಲ್ಲವೋ, ಉಸಿರಿಲ್ಲವೋ, ಕಾಲು ಮಂಡಿ ನೋವೋ, ಕೂರಿಸಿಕೊಂಡು ಕೇಳಿ. ಕಣ್ಣಿಗೆ ಕಾಣದ ತೊಂದರೆಯೂ ತೊಂದರೆಯೇ. ವಿಕಲಚೇತನರ ಪಾರ್ಕಿಂಗ್ ಪರವಾನಗಿ ಯಾರಿಗೆ ಸಿಗುತ್ತದೆ, ಏನೇನು ದಾಖಲೆ ಬೇಕು, ಎಷ್ಟು ಕಾಲಕ್ಕೊಮ್ಮೆ ಹೊಸದು ಮಾಡಿಸಬೇಕು ಎಂಬುದು ಊರಿಂದ ಊರಿಗೆ ಬೇರೆ. ನಿಮ್ಮ ಊರಿನ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ. ಡಾಕ್ಟರ ಮುಂದೆ ಇದ್ದದ್ದನ್ನು ಇದ್ದ ಹಾಗೇ ಹೇಳಿ. ಪರವಾನಗಿ ಇಲ್ಲದವರು ಆ ಜಾಗವನ್ನು ಅರೆಗಳಿಗೆಗೂ ಮುಟ್ಟಬೇಡಿ. ಯಾರೋ ಒಬ್ಬರು ತಮ್ಮ ಗೆಳತಿಯರ ಬಳಿ ಹೋಗಲು ಅದಕ್ಕಾಗಿ ಕಾಯುತ್ತಿರಬಹುದು. ಅರ್ಹತೆ ಇರುವವರು ಸಂಕೋಚ ಬಿಟ್ಟು ಇವತ್ತೇ ಅರ್ಜಿ ಹಾಕಿ.